ನಾನು ಭಾವನನ್ನು ಸಾಯಿಸಿದ ಭಾಷಣ

ಮೈಕು ಹಿಡಿದದ್ದು ಅದೇ ಮೊದಲು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಸಿಗರೇಟು, ಬಾಳೆಹಣ್ಣು, ಬಿಸ್ಕತ್ತು ಮಾರುವ ಪೆಟ್ಟಿಗೆ ಅಂಗಡಿಯಲ್ಲಿ ಮೂವತ್ತು ವರ್ಷ ಕೂತಿದ್ದೇನೆ. ಗಿರಾಕಿಗಳು ನನ್ನ ಮುಖವನ್ನೂ ಸರಿಯಾಗಿ ನೋಡಿದವರಲ್ಲ, ಕೈ ಚಾಚುತ್ತಾರೆ, ಹೋಗುತ್ತಾರೆ. ಅಂಥವನ ಮಾತು ಕೇಳಲು ಮಲ್ಲೇಶ್ವರದ ಸಭಾಂಗಣವೊಂದರಲ್ಲಿ ಕುರ್ಚಿ ಸಾಲದಷ್ಟು ಜನ! ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಪಕ್ಕದಲ್ಲಿ ಕ್ಯಾಮೆರಾ. ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಹೆದರಿಕೆಯಿಂದಲ್ಲ, ಖುಷಿಯಿಂದ.

ಆ ದಿನ ನಾನು ಏನು ಹೇಳಿದೆ ಅನ್ನುವುದನ್ನು ಬರೆಯಬೇಕು. ಅದಕ್ಕೆ ಮೊದಲು ಆ ಖುಷಿ ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಬೇಕು.

ಸಿಗರೇಟು ಮಾರುವವರು ಬೇರೆ ಲೈಸೆನ್ಸ್ ಪಡೆಯಬೇಕು, ಅಂಥ ಅಂಗಡಿಯಲ್ಲಿ ಚಾಕೊಲೇಟು, ಬಿಸ್ಕತ್ತು ಇಡುವ ಹಾಗಿಲ್ಲ ಎಂದು ಹೊಸ ನಿಯಮ ತರುವ ಮಾತು ನಡೆದಿತ್ತು. ಅದರ ಬಗ್ಗೆ ಜನರ ಅಭಿಪ್ರಾಯ ಕೇಳಲು ಎರಡು ಅಹವಾಲು ಸಭೆ ಇಟ್ಟಿದ್ದರು. ಇದು ಗೊತ್ತಾದ ವಾರವೇ, ನನ್ನ ಅಂಗಡಿಗೆ ಸಿಗರೇಟು ಹಾಕುವ ಸೇಲ್ಸ್‌ನವನು ಬೈಕ್ ನಿಲ್ಲಿಸಿ, "ಅಣ್ಣಾ, ಭಾನುವಾರ ಫ್ರೀ ಇದೀರಾ?" ಎಂದ. ನನ್ನನ್ನು ಯಾರೂ ಹಾಗೆ ಕೇಳಿದವರಿಲ್ಲ. ಇದೀನಿ ಅಂದೆ.

ಭಾನುವಾರ ಬಸ್ಸು ಬಂತು. ನಮ್ಮಂಥ ನಲವತ್ತು ಅಂಗಡಿಯವರನ್ನು ದೊಡ್ಡ ಹೋಟೆಲ್ಲಿಗೆ ಕರೆದುಕೊಂಡು ಹೋದರು. ಎಲ್ಲರಿಗೂ ಹಸಿರು ಟೋಪಿ, ಎದೆಗೊಂದು ಬ್ಯಾಡ್ಜು. ನಾವು ಸಣ್ಣ ವ್ಯಾಪಾರಿಗಳ ಸಂಘವಂತೆ. ಹಿಂದಿನ ವಾರದ ತನಕ ಅಂಥದ್ದೊಂದು ಸಂಘ ಇದ್ದದ್ದು ನನಗಂತೂ ಗೊತ್ತಿರಲಿಲ್ಲ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಒಬ್ಬ ಬಿಳಿಯ ಮನುಷ್ಯ, ಎಲ್ಲೋ ದೂರದ ದೇಶದಿಂದ, ನಮ್ಮ ಜೊತೆ ಮಾತಾಡಿದ. ಅವನ ಮಾತನ್ನು ಒಬ್ಬರು ಕನ್ನಡದಲ್ಲಿ ಹೇಳುತ್ತಿದ್ದರು. ಅವನ ದೇಶದಲ್ಲೂ ಹೀಗೇ ನಿಯಮ ಬಂತಂತೆ, ಅಂಗಡಿಯವರೆಲ್ಲ ಒಟ್ಟಾಗಿ ನಿಂತರಂತೆ, ಸರ್ಕಾರ ಹಿಂದೆ ಸರಿಯಿತಂತೆ. "ನೀವು ಒಂಟಿ ಅಲ್ಲ" ಎಂದ. ನಾವು ಚಪ್ಪಾಳೆ ಹೊಡೆದೆವು. ಗವಿಪುರದ ಒಬ್ಬ ಅಂಗಡಿಯವನು ನನ್ನ ಕಿವಿಯಲ್ಲಿ, "ಮಗಾ, ಫಾರಿನ್‌ನೋರು ನಮ್ ಕಡೆ ಇದಾರೆ ಕಣೋ!" ಎಂದ. ಊಟಕ್ಕೆ ಎರಡು ಸಿಹಿ ಇತ್ತು.

ಮೊದಲನೆಯ ಸಭೆಯಲ್ಲಿ ಮಾತಾಡಲು ಆರಿಸಿದ ಮೂವರಲ್ಲಿ ನಾನೂ ಒಬ್ಬ. ನಿಮ್ಮದೇ ಕಥೆ ಹೇಳಿ ಎಂದರು. ಆದರೆ ಕೈಗೆ ಒಂದು ಹಾಳೆ ಕೊಟ್ಟರು. ಅಪ್ಪ ಇಟ್ಟ ಅಂಗಡಿ, ದೊಡ್ಡ ಮಾಲ್‌ಗಳಿಗೆ ಏನೂ ಆಗಲ್ಲ, ಬೀದಿಗೆ ಬೀಳುವವರು ನಾವು, ಕಳ್ಳ ಸಿಗರೇಟು ಜಾಸ್ತಿಯಾಗುತ್ತೆ, ಕೊನೆಗೆ "ನಮ್ಮನ್ನು ಯಾರೂ ಕೇಳಲಿಲ್ಲ." ಸೇಲ್ಸ್‌ನವನು ಅಂಗಡಿ ಮುಂದೆಯೇ ನಿಂತು ನನ್ನಿಂದ ಹೇಳಿಸಿದ.

"ಇಲ್ಲಿ ನಿಲ್ಲಿಸಿ ಅಣ್ಣ. ಮನಸ್ಸಲ್ಲೇ ಒಂದು, ಎರಡು ಎಣಿಸಿ. ಆಮೇಲೆ ನಿಧಾನಕ್ಕೆ, ನಮ್ಮನ್ನು... ಯಾರೂ... ಹಾಂ! ಸೂಪರ್!"

ಆಮೇಲೆ ಕೇಳಿದ, "ಮನೇಲಿ ಯಾರಿದಾರೆ?"

"ಹೆಂಡ್ತಿ. ಗವಿಪುರದಲ್ಲಿ ಅಕ್ಕ ಇದಾಳೆ."

"ಅಕ್ಕ ಏನ್ಮಾಡ್ತಾರೆ?"

"ಟೀಚರು."

ಅವನ ಮುಖ ಸಪ್ಪಗಾಯಿತು. "ಟೀಚರ್ ಅಂದ್ರೆ ಯಾರ ಮನಸ್ಸೂ ಕರಗಲ್ಲ. ಈ ಅಂಗಡಿ ನಂಬ್ಕೊಂಡಿರೋ ಒಬ್ಬ ಹೆಂಗಸು ಕಥೆಯಲ್ಲಿ ಇರ್ಲೇಬೇಕು. ಅಕ್ಕ ವಿಧವೆ ಅನ್ನಿ. ನಾನೇ ಸಾಕ್ತಿದೀನಿ ಅನ್ನಿ."

"ಅಯ್ಯೋ, ಭಾವ ಗುಂಡುಕಲ್ಲಿನ ಹಾಗೆ ಇದಾರಲ್ಲಪ್ಪ!"

"ಸಭೆಗೆ ಬರ್ತಾರಾ?"

"ಇಲ್ಲ."

"ಮತ್ತೆ?"

ಆ 'ಮತ್ತೆ'ಗೆ ನನ್ನಲ್ಲಿ ಉತ್ತರ ಇತ್ತು. ನಾನು ಅದನ್ನು ಹೇಳಲಿಲ್ಲ. ಮೈಕು ಕೈತಪ್ಪಿ ಹೋದೀತು ಅನ್ನಿಸಿತು, ಅಷ್ಟೇ.

ಹೇಳಿದೆ. ಸಭೆಯಲ್ಲಿ ಮೈಕು ಹಿಡಿದು ಅಕ್ಕ ವಿಧವೆ, ಈ ಅಂಗಡಿಯೇ ಅವಳ ಅನ್ನ ಎಂದಾಗ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಿಂತೆ, ಒಂದು, ಎರಡು ಎಣಿಸಿದೆ, "ನಮ್ಮನ್ನು ಯಾರೂ ಕೇಳಲಿಲ್ಲ" ಎಂದೆ. ಅಬ್ಬಾ, ಆ ಚಪ್ಪಾಳೆ! ಸಂಪಿಗೆ ರಸ್ತೆಯ ಉದ್ದಕ್ಕೂ ನಾನು ನೆಲದ ಮೇಲೆ ನಡೆಯಲಿಲ್ಲ. ಮೆಟ್ರೋದಲ್ಲಿ ಸೀಟು ಇದ್ದರೂ ಕೂರಲಿಲ್ಲ.

ನನ್ನ ಅಕ್ಕ ಚಾಮರಾಜಪೇಟೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಮಿಠಾಯಿ ಡಬ್ಬಿಯ ಪಕ್ಕದಲ್ಲೇ ಸಿಗರೇಟು ಪ್ಯಾಕು ಯಾಕಿರಬೇಕು ಎಂದು ವರ್ಷಗಟ್ಟಲೆ ಅರ್ಜಿ ಬರೆದವಳು. ಈ ನಿಯಮ ಬರಲಿ ಎಂದು ಸಹಿ ಹಾಕಿದ ಟೀಚರುಗಳಲ್ಲಿ ಅವಳ ಹೆಸರೇ ಮೊದಲು. ಅದು ನನಗೆ ಗೊತ್ತಿತ್ತು. ಪರೀಕ್ಷೆ ಕೆಲಸ ಇದ್ದದ್ದರಿಂದ ಅವತ್ತು ಅವಳು ಸಭೆಗೆ ಬರುವುದಿಲ್ಲ ಅನ್ನುವುದೂ ಗೊತ್ತಿತ್ತು.

ಗೌರಿ ಹಬ್ಬದ ದಿನ ಬೆಳಿಗ್ಗೆ ಪ್ರತಿ ವರ್ಷದ ಹಾಗೆ ಬಾಗಿನದ ಮೊರ ಹಿಡಿದುಕೊಂಡು ಗವಿಪುರಕ್ಕೆ ಹೋದೆ. ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ. ತವರಿನಿಂದ ಮುತ್ತೈದೆಗೆ ಹೋಗುವ ಬಾಗಿನ. ಅಪ್ಪ ಅಮ್ಮ ಇಲ್ಲದ ಮೇಲೆ ತವರು ಅಂದರೆ ನಾನೇ. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಹೊಸ ಸೀರೆ, ತಲೆತುಂಬ ಹೂವು. ಒಳಗೆ ಕರೆಯಲಿಲ್ಲ.

"ವಿಧವೆಗೆ ಬಾಗಿನ ಕೊಡೋ ಪದ್ಧತಿ ಯಾವೂರದೋ?"

ಮೊರ ಕೈಯಲ್ಲೇ ಉಳಿಯಿತು. ಒಳಗಿನಿಂದ ಭಾವ ಕೂಗಿದರು, "ಒಳಗೆ ಬಿಡೇ ಅವನನ್ನ. ಸತ್ತವನ ಮನೆಗೆ ಬಂದೋರನ್ನ ಹೊರಗೆ ನಿಲ್ಲಿಸಬಾರದು."

ನನ್ನ ಭಾಷಣದ ವಿಡಿಯೊವನ್ನು ಸಂಘದವರು ಎಲ್ಲಾ ಕಡೆ ಹಂಚಿದ್ದರು. ಅದು ಟೀಚರುಗಳ ಗ್ರೂಪಿಗೂ ಬಂದಿತ್ತು. ವೈಯಾಲಿಕಾವಲ್‌ನ ಒಬ್ಬ ಹಳೆಯ ಟೀಚರು ನನ್ನ ಗುರುತು ಹಿಡಿದು, ಅಳುತ್ತಾ ಅಕ್ಕನ ಮನೆಗೆ ಫೋನ್ ಮಾಡಿದ್ದರು. ಫೋನ್ ಎತ್ತಿದ್ದು ಭಾವ. "ಹೇಗಾಯ್ತು?" ಎಂದು ಅವರು ಕೇಳಿದ್ದಾರೆ. "ಏನು ಹೇಗಾಯ್ತು?" ಎಂದು ಇವರು ಕೇಳಿದ್ದಾರೆ. ಇದನ್ನು ಹೇಳುವಾಗ ಭಾವನಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಅಕ್ಕ ನಗಲಿಲ್ಲ. ಮೊರವನ್ನು ನನ್ನ ಕೈಯಿಂದ ತೆಗೆದುಕೊಳ್ಳಲೂ ಇಲ್ಲ.

"ಕೂತ್ಕೋ. ನಿನಗೆ ಒಂದು ತೋರಿಸ್ಬೇಕು."

ಈ ನಿಯಮಕ್ಕಾಗಿ ಓಡಾಡುತ್ತಿದ್ದ ಡಾಕ್ಟರಮ್ಮ ಒಬ್ಬರು ಬೇರೆ ದೇಶದ ತಮ್ಮ ಪರಿಚಯದವರಿಂದ ಕೆಲವು ವಿಡಿಯೊ ತರಿಸಿ ಅಕ್ಕನಿಗೆ ಕಳಿಸಿದ್ದರು. ಅಕ್ಕ ಮೊದಲನೆಯದನ್ನು ಹಾಕಿದಳು. ಆಫ್ರಿಕಾದ ಯಾವುದೋ ಊರು. ನನ್ನದರಷ್ಟೇ ಇರುವ ಅಂಗಡಿ, ಅದರ ಮುಂದೆ ಒಬ್ಬ ದಪ್ಪ ಮನುಷ್ಯ. ತಲೆಯ ಮೇಲೆ ಹಸಿರು ಟೋಪಿ. ಭಾಷೆ ಗೊತ್ತಾಗಲಿಲ್ಲ. ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಅಕ್ಷರವನ್ನು ಅಕ್ಕ ಕನ್ನಡದಲ್ಲಿ ಓದಿ ಹೇಳತೊಡಗಿದಳು. "ಈ ಅಂಗಡಿ ನಮ್ಮಪ್ಪ ಇಟ್ಟದ್ದು. ದೊಡ್ಡ ಮಾಲ್‌ಗಳಿಗೆ ಏನೂ ಆಗಲ್ಲ..."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಕ್ಕಾ! ಇದು ನಂದು! ನನ್ನ ಭಾಷಣ ಅಲ್ಲೀತನಕ ಹೋಗಿದೆ!"

ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಆ ಕ್ಷಣ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಬಾಗಿನ ಇನ್ನೂ ಕೈಯಲ್ಲೇ ಇತ್ತು, ಆದರೂ ಹೆಮ್ಮೆಯಾಯಿತು.

"ದಡ್ಡಾ," ಅಂದಳು ಅಕ್ಕ, ಬೈಗುಳದ ಹಾಗಲ್ಲ, ಕ್ಲಾಸಿನಲ್ಲಿ ಲೆಕ್ಕ ತಪ್ಪಿದ ಮಗುವಿಗೆ ಹೇಳುವ ಹಾಗೆ. "ತಾರೀಖು ನೋಡು. ಇದು ನಿನ್ನದಕ್ಕಿಂತ ನಾಲ್ಕು ವರ್ಷ ಹಳೇದು."

ಆ ದಪ್ಪ ಮನುಷ್ಯ ಮುಂದೆ ತನ್ನ ವಿಧವೆ ತಂಗಿಯ ಕಥೆ ಹೇಳಿದ. ಎರಡನೆಯದು ಒಂದು ದ್ವೀಪದ್ದು, ಹಿಂದೆ ತೆಂಗಿನ ಮರ. ಅಲ್ಲಿ ಮಾತಾಡಿದವಳು ಒಬ್ಬ ಹೆಂಗಸು, ಅವಳ ತಾಯಿ ವಿಧವೆ. ಮೂರನೆಯದು ಹಿಮ ಬೀಳುವ ದೇಶದ್ದು, ಅಲ್ಲಿಯೂ ಒಬ್ಬ ಅಕ್ಕ, ಅವಳೂ ವಿಧವೆ. ಮೂವರೂ ಕೊನೆಯ ಮಾತಿಗೆ ಮೊದಲು ನಿಲ್ಲಿಸಿದರು. ನಾನು ನನಗೇ ತಿಳಿಯದೆ ಎಣಿಸಿದೆ. ಒಂದು, ಎರಡು. ಮೂವರೂ ಆಗಲೇ ಬಾಯಿ ತೆರೆದರು. ಅಕ್ಕ ಓದುವ ಮೊದಲೇ ಆ ಮಾತು ಏನೆಂದು ನನಗೆ ಗೊತ್ತಿತ್ತು.

"ಮೂರು ದೇಶದಲ್ಲಿ ಮೂವರು ಗಂಡಂದಿರನ್ನ ಸಾಯಿಸಿದಾರೆ," ಎಂದರು ಭಾವ. "ನಾನು ನಾಲ್ಕನೆಯವನು."

ಬಾಗಿನವನ್ನು ವಾಪಸ್ಸು ತಂದೆ. ಹೆಂಡತಿ ಮೊರವನ್ನು ದೇವರ ಮುಂದೆ ಇಟ್ಟಳು.

ಮುಂದಿನ ಸಲ ಸೇಲ್ಸ್‌ನವನು ಬಂದಾಗ ನೇರವಾಗಿ ಕೇಳಿದೆ. ಅವನು ಮುಚ್ಚಿಡಲೂ ಇಲ್ಲ. "ಎಲ್ಲಾ ಕಂಪನಿಯಲ್ಲಿ ಮೇಲಿಂದ ಬರುತ್ತೆ ಅಣ್ಣ. ಪ್ಯಾಕಿನ ಮೇಲೆ ದೊಡ್ಡ ಚಿತ್ರ ಹಾಕಿ ಅಂದ್ರೆ ಅದಕ್ಕೊಂದು ಫೈಲು, ಬಿಡಿಯಾಗಿ ಮಾರಬೇಡಿ ಅಂದ್ರೆ ಇನ್ನೊಂದು, ಲೈಸೆನ್ಸಿಗೆ ಮತ್ತೊಂದು. ಒಂದು ದೇಶದಲ್ಲಿ ವರ್ಕೌಟ್ ಆದ್ರೆ ಅದನ್ನೇ ಇನ್ನೊಂದು ದೇಶಕ್ಕೆ ಕಳಿಸ್ತಾರೆ. ಊರಿಗೆ ತಕ್ಕ ಹಾಗೆ ನಾವು ಅಕ್ಕ ಹಾಕ್ತೀವಿ, ಅಮ್ಮ ಹಾಕ್ತೀವಿ." ಮಸಾಲೆ ದೋಸೆಗೆ ಪಲ್ಯ ಹಾಕಿದ ಹಾಗೆ ಹೇಳಿದ. ಆಮೇಲೆ ಉತ್ಸಾಹದಿಂದ ಹತ್ತಿರ ಬಂದ. "ಎರಡನೇ ಸಭೇಲಿ ಒಬ್ಬರು ಹೆಡ್‌ಮಿಸ್ ಮಾತಾಡ್ತಾರಂತೆ, ಭಾರಿ ಜೋರಂತೆ. ಅವರು ಮುಗಿಸಿದ ತಕ್ಷಣ ನೀವೇ ಎದ್ದೇಳಿ. ವಿಧವೆ ಅಕ್ಕನ ಮುಂದೆ ಯಾವ ಟೀಚರೂ ನಿಲ್ಲಲ್ಲ."

ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. "ಆಯ್ತು, ಏಳ್ತೀನಿ" ಎಂದೆ.

ಎರಡನೆಯ ಸಭೆಗೆ ಟೋಪಿ ಹಾಕಿಕೊಳ್ಳದೆ ಹೋದೆ. ಅಕ್ಕ ಮಾತಾಡಿದಳು. ಅವಳು ಭಾಷಣ ಮಾಡಲಿಲ್ಲ. ಶಾಲೆಯ ಗೇಟಿನಿಂದ ಹೊರಟರೆ ಎಷ್ಟು ಹೆಜ್ಜೆಗೆ ಯಾವ ಅಂಗಡಿ, ಅಲ್ಲಿ ಮಗುವಿನ ಕಣ್ಣಿನ ಎತ್ತರಕ್ಕೆ ಏನು ಜೋಡಿಸಿಟ್ಟಿದ್ದಾರೆ ಎಂದು ಒಂದೊಂದಾಗಿ ಹೇಳಿದಳು. ನನ್ನ ಅಂಗಡಿಯನ್ನೂ ಬಿಡಲಿಲ್ಲ. ಅವಳು ಕೂರುವ ಮೊದಲೇ ಸೇಲ್ಸ್‌ನವನು ನನ್ನ ಬೆನ್ನು ತಟ್ಟಿದ. ಎದ್ದೆ. ಮೈಕು ಕೈಗೆ ಬಂತು. ಎದೆ ಮೊದಲ ಸಲಕ್ಕಿಂತಲೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆ ತುದಿಗೆ ಬಂದು ನಿಂತಿತ್ತು, ಅದನ್ನು ನುಂಗಿದೆ.

"ಸಾರ್, ಹೋದ ಸಲ ನಮ್ಮಕ್ಕ ವಿಧವೆ ಅಂದೆ. ಸುಳ್ಳು. ನಮ್ಮಕ್ಕನ್ನ ನಾನು ಸಾಕ್ತಿಲ್ಲ. ಈಗ ಮಾತಾಡಿದ್ರಲ್ಲ, ಅವರೇ ನಮ್ಮಕ್ಕ."

ಸಭೆಯಲ್ಲಿ ಗುಜುಗುಜು ಎದ್ದಿತು. ಅಧಿಕಾರಿ ಕನ್ನಡಕ ತೆಗೆದರು. "ಮತ್ತೆ ಹಾಗೆ ಯಾಕೆ ಹೇಳಿದ್ರಿ?"

"ಹಾಗೆ ಹೇಳಿ ಅಂದ್ರು. ಬೇರೆ ಮೂರು ದೇಶದಲ್ಲೂ ಅದನ್ನೇ ಹೇಳಿಸಿದಾರೆ ಸಾರ್. ವಿಡಿಯೊ ಇದೆ. ಆದ್ರೆ ಬಾಯಿ ನಂದೇ."

"ಇವರ ಯಜಮಾನರು...?"

ಮೂರನೆಯ ಸಾಲಿನಲ್ಲಿ ಭಾವ ಕೈ ಎತ್ತಿದರು, ಹಾಜರಿ ಕೊಡುವವರ ಹಾಗೆ. ಇಡೀ ಸಭೆ ನಕ್ಕಿತು. ಹಸಿರು ಟೋಪಿಯವರಲ್ಲೂ ಕೆಲವರು ನಕ್ಕರು. ಅಕ್ಕ ಮಾತ್ರ ನೆಲ ನೋಡುತ್ತಿದ್ದಳು. ಡಾಕ್ಟರಮ್ಮ ಎದ್ದು ಆ ವಿಡಿಯೊಗಳನ್ನು ಅಧಿಕಾರಿಗೆ ಕೊಟ್ಟರು. ನನ್ನ ಹಳೆಯ ಹೇಳಿಕೆಯನ್ನು ತೆಗೆದುಹಾಕಲು ಬರೆದುಕೊಡಿ ಎಂದು ಅಧಿಕಾರಿ ನನಗೆ ಹೇಳಿದರು. ಅಲ್ಲೇ ಒಂದು ಹಾಳೆ ಇಸಿದುಕೊಂಡು ಬರೆದುಕೊಟ್ಟೆ. ಕಾಗುಣಿತ ಎಷ್ಟು ತಪ್ಪಿತ್ತೋ ಗೊತ್ತಿಲ್ಲ.

ನಿಯಮ ಇನ್ನೂ ಬಂದಿಲ್ಲ. ಸೇಲ್ಸ್‌ನವನ ಬದಲು ಬೇರೆಯವನು ಬರುತ್ತಿದ್ದಾನೆ. ಮಿಠಾಯಿ ಡಬ್ಬಿಗಳನ್ನು ನಾನು ತೆಗೆದಿದ್ದೇನೆ. ಸಿಗರೇಟು ಬಿಟ್ಟಿಲ್ಲ, ಅದನ್ನು ಬಿಟ್ಟೆ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಅಕ್ಕ ಎದುರಿಗೆ ಸಿಕ್ಕರೆ ಮಾತಾಡುತ್ತಾಳೆ, ತಾನಾಗಿ ಫೋನ್ ಮಾಡುವುದಿಲ್ಲ. ನಾನೇ ಮಾಡುತ್ತೇನೆ. ಪ್ರತಿ ಸಲ ಎತ್ತುವವರು ಭಾವ.

"ಬದುಕಿದೀನಪ್ಪಾ, ಹೇಳು," ಎನ್ನುತ್ತಾರೆ.

ಹಿಂದಿನಿಂದ ಅಕ್ಕನ ದನಿ ಕೇಳಿಸುತ್ತದೆ. "ಅದನ್ನ ಅವನಿಗೆ ದಿನಾ ಹೇಳಿ. ಮರ್ತುಬಿಡ್ತಾನೆ."