ಮೂಕಿಯ ಮೇಲೆ ಒಂದು ಗೇಣು ಜಾಗ

ಪೋರ್ಟ್ ಆಗಸ್ಟಾದಲ್ಲಿ ದಾರಿ ಕವಲೊಡೆಯುತ್ತದೆ. ಕಾರಿಗೆ ಕಟ್ಟಿ ಎಳೆಯುವ ಮನೆಗಾಡಿಗೆ ಇಲ್ಲಿಯವರು ಕ್ಯಾರವಾನು, ಚಿಕ್ಕದಾಗಿ ವ್ಯಾನು, ಅನ್ನುತ್ತಾರೆ. ಪಶ್ಚಿಮಕ್ಕೆ ಹೋಗುವ ಕ್ಯಾರವಾನೂ ಉತ್ತರಕ್ಕೆ ಹೋಗುವ ಕ್ಯಾರವಾನೂ ಇಲ್ಲಿ ಒಮ್ಮೆ ನಿಂತೇ ಮುಂದೆ ಹೋಗುವುದು. ಆದ್ದರಿಂದ ನೆವಿಲ್ ನೋಸ್ಕೆಗೆ ಇಪ್ಪತ್ತೇಳು ವರ್ಷಗಳಲ್ಲಿ ಕೆಲಸಕ್ಕೆ ಬರ ಬಂದದ್ದಿಲ್ಲ. ಮೊದಲು ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿಯ ಕೆಲಸ ಹೋದ ಮೇಲೆ ಊರ ಹೊರಗೆ ತಗಡಿನ ಶೆಡ್ಡು ಹಾಕಿಕೊಂಡು ಕ್ಯಾರವಾನುಗಳಿಗೆ ಭಾರ ಹಂಚುವ ಕೊಂಡಿ ಕೂರಿಸಲು ಕುಳಿತ.

ಕೊಂಡಿಯ ಕೆಲಸ ಕಷ್ಟದ್ದಲ್ಲ, ಜಾಗ ಸಿಕ್ಕರೆ. ಕ್ಯಾರವಾನಿನ ಮೂಕಿ, ಅಂದರೆ ಕಾರಿಗೆ ಸಿಕ್ಕಿಸಲು ಮುಂದಕ್ಕೆ ಚಾಚಿದ ಕಬ್ಬಿಣದ ಚೌಕಟ್ಟು, ಕಾರಿನ ಬೆನ್ನನ್ನು ಅದುಮುತ್ತದೆ. ಕಾರಿನ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ಮುಂದಿನ ಚಕ್ರಗಳು ನೆಲದ ಹಿಡಿತ ಸಡಿಲಿಸುತ್ತವೆ. ಕೊಂಡಿಯಿಂದ ಎರಡು ಉಕ್ಕಿನ ಕಂಬಿಗಳು ಮೂಕಿಯ ಅಡಿಯಲ್ಲಿ ಹಿಂದಕ್ಕೆ ಚಾಚಿರುತ್ತವೆ. ಅವುಗಳ ತುದಿಯನ್ನು ಸರಪಳಿಯಿಂದ ಮೇಲಕ್ಕೆ ಎಳೆದು ಮೂಕಿಯ ಮೇಲಿನ ಬ್ರಾಕೆಟ್ಟಿಗೆ ಬಿಗಿದರೆ ಭಾರ ಮುಂದಿನ ಚಕ್ರಗಳಿಗೂ ಹಂಚಿಹೋಗುತ್ತದೆ. ಬ್ರಾಕೆಟ್ಟಿಗೆ ಬೇಕಾದದ್ದು ಎರಡೂ ಕಡೆ ಒಂದೊಂದು ಗೇಣು ಜಾಗ. ಆದರೆ ಅದು ಎಲ್ಲಿರಬೇಕು ಎಂಬುದನ್ನು ಕಂಬಿಯ ಉದ್ದ ಹೇಳುತ್ತದೆ, ಮಾಲೀಕ ಹೇಳುವಂತಿಲ್ಲ. ಮಾಲೀಕರು ಮೂಕಿಯನ್ನು ಮನೆಯ ಅಟ್ಟವೆಂದು ತಿಳಿದಿರುತ್ತಾರೆ. ಗ್ಯಾಸ್ ಸಿಲಿಂಡರು, ಪೆಟ್ರೋಲ್ ಡಬ್ಬಿ, ಸಾಮಾನಿನ ಪೆಟ್ಟಿಗೆ, ಕೈ ತೊಳೆಯುವ ನಲ್ಲಿ, ಒಮ್ಮೆ ಒಬ್ಬರದ್ದು ಗಿಳಿಯ ಪಂಜರ ಕೂಡ ಅಲ್ಲಿತ್ತು. ನೆವಿಲ್‌ನ ದಿನದ ಜಗಳವೆಲ್ಲ ಆ ಗೇಣಿಗಾಗಿ.

ಜಗಳವೆಂದರೂ ಅವನದು ಹೆಚ್ಚು ಮಾತಿನದಲ್ಲ. ಬೆರಳು ತೋರಿಸಿ "ಇದು ತೆಗಿಬೇಕು" ಅನ್ನುತ್ತಿದ್ದ. ತೆಗೆಯದವರಿಗೆ "ಹಾಗಾದ್ರೆ ಹೋಗಿ ಬನ್ನಿ" ಅನ್ನುತ್ತಿದ್ದ. ಬೇಲಿಯಾಚೆಗೆ ಅಪಘಾತದ ವಾಹನಗಳನ್ನು ಎಳೆದು ತಂದು ಹಾಕುವ ಅಂಗಳವಿತ್ತು. ಮಗುಚಿ ಬಿದ್ದ ಕ್ಯಾರವಾನು ಬಂದಾಗಲೆಲ್ಲ ನೆವಿಲ್ ಬೇಲಿಯ ಬಳಿ ಹೋಗಿ ನಿಂತು ನೋಡಿ ಬರುತ್ತಿದ್ದ. ಏನು ನೋಡಿದನೆಂದು ಯಾರಿಗೂ ಹೇಳುತ್ತಿರಲಿಲ್ಲ.

ಅವನ ತಂಗಿ ರೇಲೀನ್ ಮತ್ತು ಅವಳ ಗಂಡ ಕ್ಲೈವ್ ಪ್ಯಾಸ್ಕೋ ಫೆಬ್ರವರಿಯ ಮೊದಲ ವಾರದಲ್ಲಿ ಹಳೆಯ ಕ್ಯಾರವಾನೊಂದನ್ನು ಕೊಂಡು ಶೆಡ್ಡಿಗೆ ತಂದರು. ನಲ್ಲಾರ್‌ಬಾರ್ ಬಯಲು ದಾಟಿ ಎಸ್ಪೆರನ್ಸಿನಲ್ಲಿರುವ ಮಗಳ ಮನೆಗೆ ಹೋಗುವವರು, ಅವಳಿಗೆ ಹೆರಿಗೆ ದಿನ ಹತ್ತಿರವಿತ್ತು. ಮೂಕಿಯ ಮೇಲೆ ಎರಡು ಸಿಲಿಂಡರು, ಎರಡು ಪೆಟ್ರೋಲ್ ಡಬ್ಬಿ, ಜನರೇಟರ್ ಇಟ್ಟ ದೊಡ್ಡ ಕಬ್ಬಿಣದ ಪೆಟ್ಟಿಗೆ. ಇರುವೆಗೂ ಜಾಗವಿರಲಿಲ್ಲ.

"ಇಲ್ಲಿ ಬ್ರಾಕೆಟ್ ಕೂರಲ್ಲ," ಎಂದ ನೆವಿಲ್. "ಪೆಟ್ಟಿಗೆ, ಡಬ್ಬಿ ಎರಡೂ ತೆಗೆದು ಬಾ."

"ಅಷ್ಟೇ ತಾನೆ?" ಎಂದ ಕ್ಲೈವ್. "ಗುರುವಾರ ಬರ್ತೀನಿ. ಬಿಯರ್ ತಣ್ಣಗಿಟ್ಟಿರು, ನೆವ್."

ಗುರುವಾರ ಬೆಳಿಗ್ಗೆ ಏಳಕ್ಕೆ ಬಂದರು. ಮೂಕಿಯ ಮೇಲೆ ಸಿಲಿಂಡರುಗಳು ಮಾತ್ರ ಉಳಿದಿದ್ದವು. ಕಾರೂ ವ್ಯಾನಿನ ಮೂತಿಯೂ ಶೆಡ್ಡಿನೊಳಗೆ, ವ್ಯಾನಿನ ಉಳಿದ ಮೈ ಹೊರಗೆ ಬಿಸಿಲಿನಲ್ಲಿ. ನೆವಿಲ್ ಅಡಿಯಲ್ಲಿ ಮಲಗಿ ಅಳತೆ ಹಿಡಿದ, ಬ್ರಾಕೆಟ್ ಕೂರಿಸಿದ, ಬೋಲ್ಟ್ ಬಿಗಿದ. ಕೊನೆಗೆ ಕಂಬಿ ಎತ್ತುವ ಹೊತ್ತಾಯಿತು. ಅದಕ್ಕೆ ಉದ್ದನೆಯ ಪೈಪು ಹಾಕಿ ಮೈಭಾರವನ್ನೆಲ್ಲ ಬಿಡಬೇಕು. ಅವತ್ತು ಕಂಬಿ ಒಂದೇ ಕೈಗೆ ಎದ್ದು ಬಂತು.

ನೆವಿಲ್ ಪೈಪು ಕೆಳಗಿಟ್ಟ. ಮೂಕಿಯ ಅಡಿಗೆ ತೂಕದ ಮಾಪಕ ಕೊಟ್ಟು ನೋಡಿದ. ಎಂಬತ್ತೈದು ಕಿಲೋ. ಆ ಗಾತ್ರದ ವ್ಯಾನಿಗೆ ಇನ್ನೂರ ನಲವತ್ತಾದರೂ ಇರಬೇಕಿತ್ತು. ಅವನು ಎದ್ದು ಬಿಸಿಲಿಗೆ ಹೋಗಿ ವ್ಯಾನಿನ ಹಿಂದೆ ನಿಂತ. ಹಿಂದಿನ ಬಂಪರಿನ ಮೇಲೆ ಹೊಸದಾಗಿ ಬೆಸೆದ ಚೌಕಟ್ಟು. ಅದರಲ್ಲಿ ಜನರೇಟರ್ ಪೆಟ್ಟಿಗೆ, ಪಕ್ಕದಲ್ಲಿ ಎರಡು ಡಬ್ಬಿ.

"ನೀನೇ ತಾನೆ ತೆಗಿ ಅಂದಿದ್ದು?" ಕ್ಲೈವ್ ಹಿಗ್ಗಿನಿಂದ ಬಂದು ನಿಂತ. "ನಮ್ಮ ಬೀದಿಯವನು ಒಂದೇ ಮಧ್ಯಾಹ್ನದಲ್ಲಿ ಬೆಸೆದು ಕೊಟ್ಟ. ಕಾರು ನೋಡು, ಮಟ್ಟಗೋಲು ಇಟ್ಟ ಹಾಗೆ ಕೂತಿದೆ! ನಿನ್ನ ಕೊಂಡಿಯೇ ಬೇಕಿರ್ಲಿಲ್ಲ ಅನ್ಸುತ್ತೆ."

ನೆವಿಲ್ ಚೌಕಟ್ಟಿನ ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ತೆಗೆದದ್ದನ್ನು ಎಲ್ಲಿಡಬಾರದೆಂದು ಹೇಳುವ ಗೋಜಿಗೆ ಅವನು ಯಾವತ್ತೂ ಹೋದವನಲ್ಲ. ಹಾಗೆ ಹೇಳದೆ ಕಳಿಸಿದವರು ಈ ಇಪ್ಪತ್ತೇಳು ವರ್ಷಗಳಲ್ಲಿ ಎಷ್ಟು ಮಂದಿಯೋ.

"ಹಿಂಭಾರ ಆಗಿದೆ ಕ್ಲೈವ್," ಎಂದ. "ಬಾಲ ಕೆಳಗೆ ಎಳೀತಿದೆ, ಮೂಕಿ ಮೇಲಕ್ಕೇಳ್ತಿದೆ. ಕಾರು ಮಟ್ಟವಾಗಿ ಕಾಣೋದು ಅದಕ್ಕೇ. ವೇಗ ಹಿಡಿದಾಗ ಬಾಲ ಅಲ್ಲಾಡೋಕೆ ಶುರುವಾದ್ರೆ ಕಾರನ್ನೂ ಜೊತೇಲಿ ಅಲ್ಲಾಡಿಸುತ್ತೆ. ಆಮೇಲೆ ಯಾರಪ್ಪನಿಂದಲೂ ನಿಲ್ಸೋಕಾಗಲ್ಲ."

"ನೋಡು ಮಾರಾಯ, ವೈಯಾಲಾದಲ್ಲಿ ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡಿಸಿದೀನಿ. ಒಂದು ಮಗುವಿಗೂ ತರಚಿದ ಗಾಯ ಆಗಿಲ್ಲ. ಬಸ್ಸಿನ ಇಂಜಿನ್ನು ಎಲ್ಲಿತ್ತು ಹೇಳು? ಹಿಂದೆ!"

"ಬಸ್ಸು ಒಂದು ತುಂಡು. ಇದು ಎರಡು."

"ನೀನು ಮೊದಲಿನಿಂದಲೂ ಹೀಗೇ. ನಮ್ಮ ಮದುವೆ ದಿನವೂ ಮಳೆ ಬರುತ್ತೆ ಅಂದಿದ್ದೆ."

"ಬಂತಲ್ಲ."

ರೇಲೀನ್ ನಕ್ಕಳು. ಕ್ಲೈವ್ ನಗಲಿಲ್ಲ.

"ಜನರೇಟರ್ ಇಲ್ಲಿ ಬಿಟ್ಟು ಹೋಗು," ಎಂದ ನೆವಿಲ್. " ನಾಳೆ ಲಾರಿಗೆ ಹಾಕಿ ಕಳಿಸ್ತೀನಿ."

"ನಾವು ಅಲ್ಲಿಗೆ ತಲುಪಿದ್ಮೇಲೆ ಅದ್ಯಾಕೆ? ದಾರೀಲಿ ನಲವತ್ತೈದು ಡಿಗ್ರಿ ಇರುತ್ತೆ. ಎ.ಸಿ. ಇಲ್ದಿದ್ರೆ ಇವಳು ಬೆಂದೇ ಹೋಗ್ತಾಳೆ."

"ವ್ಯಾನಿನೊಳಗೆ, ಚಕ್ರದ ಅಚ್ಚಿನ ಮೇಲೆ ಇಡು."

"ಮಲಗೋ ಜಾಗದಲ್ಲಿ ಪೆಟ್ರೋಲ್ ವಾಸನೆಯಾ? ಇವಳಿಗೆ ಆಗಲ್ಲ."

ಕ್ಲೈವ್ ಕೊಟ್ಟ ಉತ್ತರಗಳೆಲ್ಲ ರೇಲೀನಳಿಗಾಗಿಯೇ ಇದ್ದವು. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೆಂಡತಿಗೆ ಸೆಕೆಯಾಗಬಾರದೆಂದು ತನ್ನ ಮೀನು ಹಿಡಿಯುವ ದೋಣಿ ಮಾರಿ ಆ ಜನರೇಟರ್ ಕೊಂಡಿದ್ದ. ನೆವಿಲ್ ಕೊನೆಯ ಮಾತೆಂದು, "ಹಾಗಾದ್ರೆ ಕೊಂಡಿ ಬಿಚ್ಚಿಬಿಡ್ತೀನಿ. ನನ್ನ ಕೈಯಿಂದ ಇದು ಹೋಗೋದು ಬೇಡ," ಎಂದ.

"ಬಿಚ್ಚು. ಹಾಗೇ ಹೋಗ್ತೀವಿ."

ಬೇರೆಯವರಾಗಿದ್ದರೆ ಬಿಚ್ಚುತ್ತಿದ್ದ. ತಂಗಿ ಕೂರುವ ಕಾರಿನಿಂದ ಬಿಚ್ಚಲು ಮನಸ್ಸಾಗಲಿಲ್ಲ. ಪೊಲೀಸರಿಗೆ ಫೋನು ಮಾಡುವುದೂ ತಲೆಯಲ್ಲಿ ಹಾದುಹೋಯಿತು. ಏನೆಂದು ಹೇಳುವುದು? ಒಟ್ಟು ತೂಕ ಮಿತಿಯೊಳಗಿತ್ತು, ಅಚ್ಚಿನ ತೂಕ ಮಿತಿಯೊಳಗಿತ್ತು, ಟೈರು ಹೊಸದು. ಮೂಕಿ ಹಗುರವಾಯಿತೆಂದು ಯಾರನ್ನೂ ದಾರಿಯಲ್ಲಿ ನಿಲ್ಲಿಸಿದ್ದನ್ನು ಅವನು ಕೇಳಿರಲಿಲ್ಲ.

ಕ್ಲೈವ್ ನೀರು ತುಂಬಲು ಹೋದಾಗ ನೆವಿಲ್ ತಂಗಿಯನ್ನು ಶೆಡ್ಡಿನ ಹಿಂದಕ್ಕೆ ಕರೆದ.

"ರೇ, ನೀನಾದ್ರೂ ಹೇಳು."

"ನಾನು ಹೇಳಿದ್ರೆ ಮುಗೀತು. ಒಂದ್ಸಲ ನಿಧಾನ ಹೋಗು ಅಂದಿದ್ದಕ್ಕೆ ಅಡಿಲೇಡ್‌ನಿಂದ ಮನೇವರೆಗೂ ಬಾಯಿ ಹೊಲ್ಕೊಂಡು ಹುಚ್ಚನ ಹಾಗೆ ಓಡಿಸಿದ್ದ." ಅವಳು ವ್ಯಾನಿನ ಕಡೆ ನೋಡಿದಳು. "ಎಷ್ಟರಲ್ಲಿ ಹೋದ್ರೆ ಏನೂ ಆಗಲ್ಲ?"

"ಎಂಬತ್ತು. ಅದೂ ಗಾಳಿ ಇಲ್ದಿದ್ರೆ. ಎದುರಿಗೆ ರೋಡ್ ಟ್ರೈನ್ ಬರ್ದಿದ್ರೆ. ಮೂರು ಟ್ರೇಲರ್ ಎಳೆಯೋ ಆ ಲಾರಿಯ ಗಾಳಿಗೇ ಬಾಲ ಅಲ್ಲಾಡುತ್ತೆ."

"ಸರಿ. ಎಂಬತ್ತು ದಾಟಿದ್ರೆ ನನಗೆ ಹೊಟ್ಟೆ ತೊಳಸುತ್ತೆ."

"ಏನು?"

"ಹೊಟ್ಟೆ ತೊಳಸುತ್ತೆ, ಎದೆ ಹಿಡ್ಕೊಳ್ಳುತ್ತೆ. ಅವನು ನನ್ನ ಮಾತು ಕೇಳಲ್ಲ ನೆವ್, ನನ್ನ ಕಾಯಿಲೆ ಕೇಳ್ತಾನೆ."

ಹತ್ತು ಗಂಟೆಗೆ ಹೊರಟರು. ಸೇತುವೆ ದಾಟುವವರೆಗೆ ನೆವಿಲ್ ರಸ್ತೆಯಲ್ಲಿ ನಿಂತಿದ್ದ. ಆಮೇಲೆ ಒಳಗೆ ಬಂದು ಬೇರೊಬ್ಬರ ಮೂಕಿಯ ಕೆಳಗೆ ಮಲಗಿದ.

ಹನ್ನೆರಡೂಕಾಲಿಗೆ ಫೋನು ಬಂತು. ಕ್ಲೈವ್. ನೂರೈವತ್ತೈದು ಕಿಲೋಮೀಟರ್ ದೂರದ ಕಿಂಬಾದಲ್ಲಿ ನಿಂತಿದ್ದರು.

"ನೆವ್, ರೇಗೆ ಹುಷಾರಿಲ್ಲ. ಹೊರಟಾಗಿನಿಂದ ಎದೆ ಒತ್ಕೊಂಡು ಕೂತಿದ್ದಾಳೆ. ಮುಖ ಬಿಳುಚಿಕೊಂಡಿದೆ. ನಿಮ್ಮಪ್ಪ ಹೃದಯದ ಕಾಯಿಲೆಯಲ್ಲೇ ತಾನೆ ಹೋಗಿದ್ದು?"

"ಕ್ಲೈವ್, ಕೇಳು..."

"ಇವತ್ತೇ ಸೆಡೂನಾ ಆಸ್ಪತ್ರೆಗೆ ಸೇರಿಸಿಬಿಡ್ತೀನಿ. ಮುನ್ನೂರ ಹತ್ತು ಕಿಲೋಮೀಟರ್. ಎಂಬತ್ತರಲ್ಲಿ ತೆವಳಿದ್ದು ಸಾಕು, ಇನ್ನು ನೂರಾ ಹತ್ತರಲ್ಲಿ ಹೊಡೀತೀನಿ."

"ಅಲ್ಲೇ ನಿಲ್ಲು. ಕಿಂಬಾದಲ್ಲೂ ಆಸ್ಪತ್ರೆ ಇದೆ."

"ಕಿಂಬಾದವರಿಗೆ ಏನು ಗೊತ್ತಾಗುತ್ತೆ? ಅವಳು ಹೇಳಲ್ಲ ನೆವ್, ನೋವು ಹೇಳೋ ಹೆಂಗಸಲ್ಲ ಅವಳು."

ನೆವಿಲ್ ಕಣ್ಣು ಮುಚ್ಚಿದ. ತಂಗಿಯ ಗುಟ್ಟು ಉಳಿಸಿದರೆ ಇವನು ಜೋರಾಗಿ ಓಡಿಸುತ್ತಾನೆ. ಬಿಟ್ಟುಕೊಟ್ಟರೆ ಏನು ಮಾಡುತ್ತಾನೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೇ ಆರಿಸಿಕೊಂಡ.

"ಅವಳಿಗೆ ಏನೂ ಆಗಿಲ್ಲ, ಕ್ಲೈವ್. ನಾಟಕ. ನೀನು ನಿಧಾನ ಹೋಗ್ಲಿ ಅಂತ. ವ್ಯಾನು ಮಗುಚುತ್ತೆ ಅಂತ ಅವಳಿಗೆ ಭಯ."

ಆ ಕಡೆ ಲಾರಿಯೊಂದು ಹಾದುಹೋದ ಸದ್ದು ಕೇಳಿಸಿತು. ತುಂಬ ಉದ್ದದ ಲಾರಿಯಿರಬೇಕು. ಸದ್ದು ಮುಗಿಯಲು ಹೊತ್ತು ಹಿಡಿಯಿತು.

"ಅಣ್ಣ ತಂಗಿ ಕೂತು ಮಾತಾಡ್ಕೊಂಡ್ರಾ?" ಎಂದ ಕ್ಲೈವ್. ದನಿ ಏರಲಿಲ್ಲ. "ನಾನು ಇಲ್ಲಿ ಪ್ರಾಣ ಕೈಯಲ್ಲಿ ಹಿಡ್ಕೊಂಡು ಕೂತಿದೀನಿ. ಮೂವತ್ತೊಂದು ವರ್ಷ ಊರವರ ಮಕ್ಕಳನ್ನ ನನ್ನ ಕೈಗೆ ಕೊಟ್ಟಿದ್ರು, ನೆವ್. ನನ್ನ ಹೆಂಡತಿಗೆ ಮಾತ್ರ ನನ್ನ ಡ್ರೈವಿಂಗ್ ಸಾಲದು."

"ಹಾಗಲ್ಲ. ಪೆಟ್ಟಿಗೆ ಅಲ್ಲೇ ಪೆಟ್ರೋಲ್ ಬಂಕಿನವರ ಹತ್ತಿರ ಬಿಡು. ನಾನೇ ಬಂದು ತಗೊಂಡು ಹೋಗ್ತೀನಿ, ಈಗಲೇ ಹೊರಡ್ತೀನಿ..."

ಫೋನು ಕಟ್ಟಾಗಿತ್ತು. ನೆವಿಲ್ ಮತ್ತೆ ಮಾಡಿದ, ಎತ್ತಲಿಲ್ಲ. ರೇಲೀನಳಿಗೆ ಮಾಡಿದ, ಅವಳೂ ಎತ್ತಲಿಲ್ಲ. ಗಡಿಯಾರ ನೋಡಿದ. ಹನ್ನೆರಡೂವರೆ. ಕಾರಿನ ಕೀಲಿ ತೆಗೆದುಕೊಂಡು ಬಾಗಿಲವರೆಗೆ ಹೋದ. ಅವರು ಎಷ್ಟು ವೇಗದಲ್ಲಿ ಹೋದರೂ ತಾನು ನೂರೈವತ್ತು ಕಿಲೋಮೀಟರ್ ಹಿಂದೆ ಎಂದು ತಿಳಿದು ಕೀಲಿಯನ್ನು ಮೊಳೆಗೆ ಸಿಕ್ಕಿಸಿದ. ಗಿರಾಕಿ ಕಾಯುತ್ತಿದ್ದ. ಅವನ ವ್ಯಾನಿನ ಸಾಮಾನಿನ ಪೆಟ್ಟಿಗೆ ತೋರಿಸಿ, "ಇದು ತೆಗಿಬೇಕು. ಹಿಂದೆ ಮಾತ್ರ ಇಡಬೇಡಿ, ಒಳಗೆ ಅಚ್ಚಿನ ಮೇಲೆ ಇಡಿ. ಅರ್ಥವಾಯ್ತಾ? ಹಿಂದೆ ಮಾತ್ರ ಬೇಡ," ಎಂದ. ಗಿರಾಕಿ ಅವನ ಮುಖ ನೋಡಿ ಆಯ್ತಪ್ಪ ಎಂದ.

ಮೂರೂ ಮುಕ್ಕಾಲಿಗೆ ರೇಲೀನಳಿಂದ ಎರಡು ಸಾಲಿನ ಸಂದೇಶ ಬಂತು. ಸೆಡೂನಾ ತಲುಪಿದೆವು. ನೀನು ಹೇಳಬಾರದಿತ್ತು.

ನೆವಿಲ್ ಎಣ್ಣೆಯ ಕೈಯಲ್ಲೇ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ನೋಡಿದ. ಮುನ್ನೂರ ಹತ್ತು ಕಿಲೋಮೀಟರ್, ಮೂರೂಕಾಲು ಗಂಟೆ. ಸರಾಸರಿ ತೊಂಬತ್ತೈದು ಬಂತು. ನಡುವಿನ ಊರುಗಳಲ್ಲಿ ನಿಧಾನಿಸಿದ್ದನ್ನು ಕಳೆದರೆ ಬಯಲಿನಲ್ಲಿ ನೂರಾ ಹತ್ತು ಹೊಡೆದಿದ್ದಾನೆ. ಹೊಡೆದೂ ತಲುಪಿದ್ದಾನೆ. ಇನ್ನು ಅವನಿಗೆ ಯಾರು ಏನು ಹೇಳಿಯಾರು? ಸೆಡೂನಾದಿಂದಾಚೆ ನಾರ್ಸ್‌ಮನ್ನಿನವರೆಗೆ ಸಾವಿರದ ಇನ್ನೂರು ಕಿಲೋಮೀಟರ್ ಬಯಲು. ಸಮುದ್ರದ ಕಡೆಯಿಂದ ಅಡ್ಡಗಾಳಿ, ಎದುರಿಗೆ ರೋಡ್ ಟ್ರೈನು.

ಅವನು ಉತ್ತರ ಬರೆಯಲು ಫೋನು ತೆಗೆದುಕೊಂಡ. ವ್ಯಾನಿನ ಅಡಿಯ ಎರಡು ನೀರಿನ ಟ್ಯಾಂಕುಗಳಲ್ಲಿ ಮುಂದಿನದನ್ನು ಮಾತ್ರ ತುಂಬಿಸಿ, ಹಿಂದಿನದನ್ನು ಖಾಲಿ ಬಿಡಿ, ಮೂಕಿಗೆ ಅಷ್ಟಾದರೂ ಭಾರ ಬರಲಿ ಎಂದು ಬರೆದ. ಅವಳು ಅದನ್ನು ಗಂಡನಿಗೆ ಹೇಳಲಾರಳೆಂದು ತಿಳಿದಿತ್ತು. ಆದರೂ ಕಳಿಸಿದ.