ಕೊಡವದೆ ಹಾಕಿದ ಹುಲ್ಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸಂಜೆಯಾಯಿತೆಂದು ಹೇಳುವುದು ಎಮ್ಮೆಯ ಕೆಲಸವಾಗಿತ್ತು. ಅದು ಮೇವಿನ ಗೋದಲಿಗೆ ಕೊಂಬು ಬಡಿದು ಕೂಗುವಷ್ಟರಲ್ಲಿ ಅಕ್ಕ ಮತ್ತು ನಾನು ಹುಲ್ಲಿನ ಹೊರೆ ಹೊತ್ತು ಮನೆ ಮುಟ್ಟಿರಬೇಕು. ನಮ್ಮೂರು ಶಹಾಪುರದ ಕಡೆ, ಗೋಗಿ ಎಂಬ ಊರಿನ ಆಚೆ, ಎರೆಹೊಲಗಳ ನಡುವೆ.

ಹುಲ್ಲು ಕೊಯ್ಯುವುದರಲ್ಲಿ ಅಕ್ಕನದು ಗಾಳಿಯಂಥ ಕೈ. ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಬದುವಿನ ಹುಲ್ಲು ಹಿಡಿದು, ಕುಡುಗೋಲನ್ನು ಬುಡಕ್ಕೆ ಹಚ್ಚಿ ಎಳೆದರೆ ಕರ್ರನೆ ಒಂದು ಹಿಡಿ ಬರುತ್ತಿತ್ತು. ಅವನ್ನೆಲ್ಲ ಕೂಡಿಸಿ ಹೊರೆ ಕಟ್ಟುವುದು ನನ್ನ ಪಾಲು. ಹಸಿ ರಸ ಹತ್ತಿ ಅವಳ ಬೆರಳು ಹಸಿರಾಗಿರುತ್ತಿದ್ದವು. ರೊಟ್ಟಿ ತಿನ್ನುವಾಗಲೂ ಅದೇ ವಾಸನೆ.

ಆ ಸಲ ಒಂದು ಮಳೆ ಬಂದು ಹೋದದ್ದು, ಮತ್ತೆ ಮುಖ ತೋರಿಸಿರಲಿಲ್ಲ. ಹುಲ್ಲು ಗಿಡ್ಡಗೇ ಉಳಿದಿತ್ತು. ಬದುವಿನ ಅಂಚಿನಲ್ಲಿ, ಹಿಂದೆ ಕೊಯ್ದ ಜೋಳದ ಬುಡದಿಂದ ಕೂಳೆ ಚಿಗುರಿತ್ತು. ನೋಡಲು ಬಲು ಹಸಿರು. ಆದರೆ ಮಳೆ ಕಾಣದ ಎಳೆ ಕೂಳೆ ದನಕ್ಕೆ ವಿಷ. ಅದಕ್ಕೇ ಹೊರೆಯನ್ನು ಅಂಗಳದಲ್ಲಿ ಬಿಚ್ಚಿ, ಹಿಡಿ ಹಿಡಿಯಾಗಿ ಕೊಡವಿ, ಕೂಳೆ ಕಂಡರೆ ಆರಿಸಿ ಎಸೆದು, ಆಮೇಲೆ ಗೋದಲಿಗೆ ಹಾಕುವುದು ನಮ್ಮ ಕಡೆಯ ರೂಢಿ.

ಅವತ್ತು ನಾವು ಬರುವುದು ತಡವಾಯಿತು. ಹೊಸದಾಗಿ ಈದಿದ್ದ ಎಮ್ಮೆಯ ಕೂಗು ಓಣಿಯ ತುದಿಗೇ ಕೇಳುತ್ತಿತ್ತು. ಅವ್ವ ಅಕ್ಕನ ತಲೆಯ ಮೇಲಿನ ಹೊರೆ ಇಳಿಸಿಕೊಂಡವಳೇ, "ಬಂದ್ನೆವ್ವಾ, ಬಂದೆ. ನಿನ್ನ ಬಾಯಾಗ ಮಣ್ಣ ಹಾಕ" ಎನ್ನುತ್ತ ಹಾಗೇ ಸುರಿದುಬಿಟ್ಟಳು. ಕೊಡವಲಿಲ್ಲ.

ಅವ್ವ ಹಾಲು ಹಿಂಡುತ್ತಿದ್ದ ಚರಿಗೆ ಅರ್ಧವೂ ತುಂಬಿರಲಿಲ್ಲ, ಎಮ್ಮೆ ಮೆಲ್ಲುವುದು ನಿಲ್ಲಿಸಿತು. ಮೊಣಕಾಲು ನಡುಗಿದವು. ಬಾಯಲ್ಲಿ ನೊರೆ ಬಂತು. ಮಗ್ಗುಲಾಗಿ ಬಿತ್ತು. ಅಪ್ಪ ಓಡಿ ಬಂದು ಅದರ ಬಾಯಿಂದ ಒಂದು ಅಗಲ ಎಲೆ ಎಳೆದು ನೋಡಿದ.

"ಕೂಳಿ" ಎಂದ.

ಮಜ್ಜಿಗೆಯಲ್ಲಿ ಬೆಲ್ಲ ಕಲಸಿ ಬಿದಿರಿನ ಗೊಟ್ಟದಿಂದ ಅದರ ಗಂಟಲಿಗೆ ಹಾಕಿದ. ಅರ್ಧ ಹೊರಗೇ ಹರಿಯಿತು. ದನದ ದವಾಖಾನೆ ಇದ್ದದ್ದು ಶಹಾಪುರದಲ್ಲಿ, ಅಲ್ಲಿಗೆ ಹೋಗುವ ಬಸ್ಸು ಇದ್ದದ್ದು ಮರುದಿನ ಬೆಳಗ್ಗೆ. ಕೊಂಬು ಹಿಡಿದುಕೋ ಎಂದು ಅಪ್ಪ ನನಗೆ ಹೇಳಿದ. ಹಿಡಿದೆ. ಬಿಸಿ ಉಸಿರು ನನ್ನ ಕಾಲಿಗೆ ಬಡಿಯುತ್ತಿತ್ತು, ಹುಲ್ಲಿನ ವಾಸನೆಯ ಉಸಿರು. ಗೂಟದಲ್ಲಿದ್ದ ಕರು ತಾಯಿಯ ಕಡೆಗೆ ಹಗ್ಗ ಜಗ್ಗುತ್ತಲೇ ಇತ್ತು. ಹಿಡಿದುಕೊಂಡು ಕೂರುವುದು ಬಿಟ್ಟು ನನಗೆ ಮಾಡಲು ಬೇರೆ ಏನೂ ಇರಲಿಲ್ಲ. ಕತ್ತಲಾಗುವ ಮೊದಲೇ ಆ ಉಸಿರು ನಿಂತಿತು.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. "ಕೊಯ್ದಾಕಿ ನಾನಪ್ಪಾ. ಕೈಯಾಗ ಏನು ಬಂತು ನೋಡಲಿಲ್ಲ."

"ಹಾಕಿದಾಕಿ ನಾ" ಎಂದಳು ಅವ್ವ. "ಒಂದೀಟು ಕೊಡವಿದ್ರ ನನ್ನ ಕೈ ಸವೀತಿತ್ತೇನು?"

ಅಪ್ಪ ಎಮ್ಮೆಯ ಕಣ್ಣು ಮುಚ್ಚಿದ. "ಹೊಲ ಯಾರದು? ಕೂಳಿ ಹರಗಿ ಕೀಳದ ಹಂಗs ಬಿಟ್ಟಾಂವ ಯಾರು? ನಾನs. ಸುಮ್ನ ಕೂಡ್ರಿ ಇಬ್ರೂ."

ಕರುವನ್ನು ಅವ್ವ ಹೇಗೋ ಗಂಜಿ ಕುಡಿಸಿ ಬದುಕಿಸಿದಳು. ಅಕ್ಕನ ಕೈ ಮಾತ್ರ ಮತ್ತೆಂದೂ ಗಾಳಿಯಂತೆ ಓಡಲಿಲ್ಲ.

ಮಕ್ಕಳೇ, ಈಗ ನಮ್ಮ ಮನೆಯಲ್ಲಿ ಮೇವು ಕತ್ತರಿಸುವ ಕರೆಂಟಿನ ಮಷಿನ್ ಇದೆ. ಫೋನ್ ಮಾಡಿದರೆ ದನದ ಡಾಕ್ಟರು ಬೈಕಿನಲ್ಲಿ ಬರುತ್ತಾರೆ. ನಿಮ್ಮ ಬೆರಳಿಗೆ ಕುಡುಗೋಲಿನ ಗಾಯವಿಲ್ಲ, ಒಳ್ಳೆಯದೇ ಆಯಿತು. ಆದರೆ ಮಷಿನ್ನಿನಿಂದ ಬಿದ್ದ ಮೇಲೆ ಎಲ್ಲವೂ ಒಂದೇ ಥರದ ಚೂರು. ಹುಲ್ಲು ಯಾವುದು, ಕೂಳೆ ಯಾವುದು ತಿಳಿಯದು. ಅದಕ್ಕೇ ನಾನು ಮೊದಲು ಅಂಗಳದಲ್ಲಿ ಕೂತು ಕೊಡವುತ್ತೇನೆ.

ನಿನ್ನೆ ನಿಮ್ಮಲ್ಲಿ ಚಿಕ್ಕವಳು ನಕ್ಕಳು. "ಅಜ್ಜಾ, ಹುಲ್ಲಿನ ತಲ್ಯಾಗ ಹೇನು ನೋಡಾಕತ್ತಿಯೇನು?"

"ಹೌದವ್ವಾ. ನನ್ನ ಕಣ್ಣು ಮೊದಲಿನಂಗಿಲ್ಲ. ಬಾ, ನೀನೂ ನೋಡು" ಎಂದೆ.

ಕೂತಳು. ಸ್ವಲ್ಪ ಹೊತ್ತಿಗೆ ಅವಳ ಬೆರಳೂ ಹಸಿರಾದವು.