ಅಕ್ಕಿಯ ಮೇಲೆ ಮೊದಲ ಅಕ್ಷರ

ನನ್ನ ಮಕ್ಕಳಿಗೆ ಪಾಠ ಹೇಳಿದ್ದು ನಾನಲ್ಲ, ನನ್ನ ಅತ್ತಿಗೆ. ಯಜಮಾನರ ಅಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷಗಳ ಬಗ್ಗೆ ಬರೆಯಲು ಕೂತರೆ ಅವರ ಮೇಲೆ ನನಗಿದ್ದ ಹೊಟ್ಟೆಕಿಚ್ಚೇ ಮೊದಲು ಬಂದು ಎದುರು ಕೂರುತ್ತದೆ. ಅದನ್ನು ಬದಿಗಿಟ್ಟು ಬರೆಯುವಷ್ಟು ದೊಡ್ಡ ಮನಸ್ಸು ಈಗಲೂ ನನಗಿಲ್ಲ.

ನನ್ನ ತವರು ಪುತ್ತೂರು ಪೇಟೆ. ಅಪ್ಪನಿಗೆ ಸಣ್ಣದೊಂದು ಜವಳಿ ಅಂಗಡಿ ಇತ್ತು. ಶಾಲೆಗೆ ಹೋಗುವ ಮಕ್ಕಳೆಲ್ಲ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದರು, ಅವರ ಬೆನ್ನಿಗೆ ನಾನೂ ಹೋದೆ, ಎಂಟನೆಯ ಕ್ಲಾಸಿನವರೆಗೆ ಓದಿದೆ. ಅಷ್ಟು ಓದಿದವಳನ್ನು ಐವತ್ತರ ದಶಕದಲ್ಲಿ ಮದುವೆ ಮಾಡಿ ಕೊಟ್ಟದ್ದು ಕಡಬದಿಂದಾಚೆಯ ಒಂದು ಪುರೋಹಿತರ ಮನೆಗೆ. ಆ ಮನೆಯಲ್ಲಿ ಮಾವನವರು ಮಾಡಿಟ್ಟ ಒಂದು ಕಟ್ಟಳೆ ಇತ್ತು. ಉಪನಯನ ಆಗುವವರೆಗೆ ಮಕ್ಕಳನ್ನು ಶಾಲೆಗೆ ಕಳಿಸುವ ಹಾಗಿಲ್ಲ. ಓದು, ಬರಹ, ಮಗ್ಗಿ, ಶ್ಲೋಕ ಎಲ್ಲವೂ ಮನೆಯಲ್ಲೇ. ಹತ್ತು ಜನರನ್ನು ಮುಟ್ಟಿ ತಟ್ಟಿ ಬಂದ ಮಗು ದೇವರ ಮುಂದೆ ಬಾಯಿ ತೆರೆಯುವುದು ಹೇಗೆ ಎಂದು ಅವರು ಕೇಳುತ್ತಿದ್ದರಂತೆ. ಹುಡುಗರಿಗೆ ಎಂಟಕ್ಕೆ ಉಪನಯನ, ಆಮೇಲೆ ಶಾಲೆ. ಹುಡುಗಿಯರಿಗೆ ಉಪನಯನವಿಲ್ಲ, ಆದ್ದರಿಂದ ಶಾಲೆಯೂ ಇಲ್ಲ. ಹೊಸತರಲ್ಲಿ ಇದನ್ನು ಕೇಳಿ ತಮಾಷೆಗೆ ಹೇಳುತ್ತಿದ್ದಾರೆಂದು ನಾನು ನಕ್ಕುಬಿಟ್ಟಿದ್ದೆ. ಮನೆಯಲ್ಲಿ ಬೇರೆ ಯಾರೂ ನಗಲಿಲ್ಲ.

ಮಾವನವರು ತೀರಿಕೊಂಡರು, ಕಟ್ಟಳೆ ಉಳಿಯಿತು. ಅದನ್ನು ನಡೆಸಿಕೊಂಡು ಬಂದವರು ಅತ್ತಿಗೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ ಕೆಂಪು ಸೀರೆ ಉಟ್ಟು ತವರಿಗೆ ಮರಳಿದವರು. ಅಪ್ಪನ ಹತ್ತಿರ ಕೂತು ಕಲಿತದ್ದನ್ನೆಲ್ಲ ನನ್ನ ಮಕ್ಕಳಿಗೆ ಧಾರೆ ಎರೆಯುತ್ತಿದ್ದರು. ಯಜಮಾನರಿಗೆ ಪೌರೋಹಿತ್ಯದ ತಿರುಗಾಟ. ಇಂದು ಕುಂಬ್ರದ ಕಡೆ, ನಾಳೆ ಸುಳ್ಯದ ಕಡೆ. ಹಾಗಾಗಿ ಮನೆಯ ಶಾಲೆಗೆ ಅತ್ತಿಗೆಯೇ ಮಾಸ್ತರು, ಅವರೇ ಇನ್ಸ್‌ಪೆಕ್ಟರು.

ಬೆಳಿಗ್ಗೆ ಮಿಂದು ಬಂದ ಮಕ್ಕಳು ಚಾವಡಿಯಲ್ಲಿ ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂರಬೇಕು. ಹಿಂದಿನ ದಿನದ್ದನ್ನು ಒಪ್ಪಿಸಿದ ಮೇಲೆಯೇ ಬೆಲ್ಲದ ಕಾಫಿ, ದೋಸೆ. ಆಮೇಲೆ ಹಲಗೆಯ ಮೇಲೆ ಹೊಳೆಯ ನುಣ್ಣನೆ ಹೊಯಿಗೆ ಹರಡಿ ಬರೆಸುತ್ತಿದ್ದರು. ಬರೆದದ್ದು ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಸುವುದು. ಬೈಯುವುದಿಲ್ಲ, ಹೊಡೆಯುವುದಿಲ್ಲ. ಸ್ವಲ್ಪ ಹೊಡೆದಿದ್ದರೆ ನನಗೆಷ್ಟು ನೆಮ್ಮದಿ ಇರುತ್ತಿತ್ತೋ! ಆಗಲಾದರೂ ಮಕ್ಕಳು ಅಳುತ್ತಾ ಅಡುಗೆಮನೆಗೆ ನನ್ನ ಹತ್ತಿರ ಓಡಿ ಬರುತ್ತಿದ್ದರು. ನಾನು ಒದ್ದೆ ಸೌದೆಯ ಒಲೆ ಊದುತ್ತಾ ಕಿವಿಯನ್ನು ಚಾವಡಿಯಲ್ಲಿಟ್ಟಿರುತ್ತಿದ್ದೆ. ಅಲ್ಲಿಂದ ಕೇಳಿಸುತ್ತಿದ್ದುದು ನಗು.

ದೊಡ್ಡವನು ಮಗ, ಎರಡನೆಯವಳು ಮಗಳು. ಇಬ್ಬರೂ ಅವರ ಬಾಲವಾಗಿದ್ದರು. ಮಗನಿಗೆ ಜ್ವರ ಬಂದು ಕನವರಿಸಿದರೆ ಕರೆಯುತ್ತಿದ್ದುದು "ಅತ್ತೇ" ಎಂದು. ಬಂದ ನೆಂಟರು ಮಗಳಿಂದ ಶ್ಲೋಕ ಹೇಳಿಸಿ, "ಎಷ್ಟು ಚಂದ ಹೇಳ್ತಾಳೆ! ಯಾರು ಕಲಿಸಿದ್ದು ಮಗಾ?" ಎಂದು ಕೇಳಿದರೆ, ಅವಳು ಕಾಫಿ ಹಿಡಿದು ನಿಂತ ನನ್ನನ್ನು ದಾಟಿ ಅತ್ತಿಗೆಯ ಕಡೆ ಬೆರಳು ತೋರಿಸುತ್ತಿದ್ದಳು. ನಿಜವನ್ನೇ ಹೇಳಿದ್ದು, ತಪ್ಪೇನಿಲ್ಲ. ಆದರೂ ಲೋಟಗಳನ್ನು ಇಡುವಾಗ ನನ್ನ ಕೈಯಿಂದ ಬೇಕಾದ್ದಕ್ಕಿಂತ ಹೆಚ್ಚು ಸದ್ದಾಗುತ್ತಿತ್ತು.

ಒಮ್ಮೆ ಮಗನ ಲೆಕ್ಕ ತಪ್ಪಿದ್ದನ್ನು ಕಂಡು, ಕೂಡುವಾಗ ಕೈಯಲ್ಲಿ ಉಳಿದದ್ದನ್ನು ಮೇಲೆ ಬರೆದಿಟ್ಟುಕೊಳ್ಳಬೇಕು ಎಂದು ಶಾಲೆಯಲ್ಲಿ ನಾನು ಕಲಿತ ಹಾಗೆ ತೋರಿಸಿಕೊಟ್ಟೆ. ಅವನು ನನ್ನನ್ನೊಮ್ಮೆ ನೋಡಿ, "ಅತ್ತೆ ಹಾಗೆ ಹೇಳ್ಲಿಲ್ಲ" ಎಂದ. ಅಳಿಸಿದ. ಎಂಟನೆಯ ಕ್ಲಾಸಿನಲ್ಲಿ ಲೆಕ್ಕಕ್ಕೆ ನಾನೇ ಮೊದಲು ಎಂದು ಆ ಹುಡುಗನಿಗೆ ಹೇಳುವವರು ಯಾರು? ಅಂದು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಅತ್ತಿಗೆ ತುಟಿಪಿಟಕ್ಕೆನ್ನದೆ ಉಂಡರು. ಅದಕ್ಕೂ ನನ್ನ ಮೈ ಉರಿಯಿತು.

ಮೂರನೆಯವಳು ಹುಟ್ಟಿದಾಗ ಒಳಗೊಳಗೇ ನಿಶ್ಚಯ ಮಾಡಿದೆ. ಇವಳನ್ನು ಬಿಟ್ಟುಕೊಡುವುದಿಲ್ಲ. ಇವಳಿಗೆ ಮೊದಲ ಅಕ್ಷರ ಬರೆಸುವವಳು ನಾನು.

ನಮ್ಮಲ್ಲಿ ವಿಜಯದಶಮಿಯ ದಿನ ಮಗುವನ್ನು ದೇವರ ಮುಂದೆ ಕೂರಿಸಿ, ಹರಿವಾಣದಲ್ಲಿ ಅಕ್ಕಿ ಹರಡಿ, ಅದರ ಬೆರಳು ಹಿಡಿದು ಬರೆಸುವುದು ಕ್ರಮ. ಯಾರು ಬೆರಳು ಹಿಡಿಯುತ್ತಾರೋ ಅವರೇ ಆ ಮಗುವಿನ ಮೊದಲ ಗುರು. ದೊಡ್ಡವರಿಬ್ಬರಿಗೆ ಯಜಮಾನರೇ ಹಿಡಿದಿದ್ದರು. ಗಂಡ ಸತ್ತವಳು ಇಂಥ ಶುಭಕಾರ್ಯಕ್ಕೆ ಕೈ ಹಾಕಬಾರದೆಂದು ಅತ್ತಿಗೆ ಎರಡು ಸಲವೂ ಬಾಗಿಲ ಹಿಂದೆ ನಿಂತಿದ್ದರು. ಮರುದಿನದಿಂದ ಮಾತ್ರ ಮಕ್ಕಳು ಅವರ ಪಾಲಾಗುತ್ತಿದ್ದರು. ನನ್ನ ಪಾಲಿಗೆ ಆ ಒಂದು ದಿನವೂ ಬಂದಿರಲಿಲ್ಲ.

ಕಿರಿಯವಳಿಗೆ ಅಕ್ಷರಾಭ್ಯಾಸ ಮಾಡಿಸಬೇಕಾಗಿದ್ದ ವರ್ಷ ನವರಾತ್ರಿಗೆ ಸುಳ್ಯದ ಕಡೆಯ ಒಂದು ದೊಡ್ಡ ಮನೆಯಲ್ಲಿ ಪೂಜೆ ಒಪ್ಪಿಕೊಂಡ ಯಜಮಾನರು, ದಶಮಿಗೂ ಬರಲಾಗುವುದಿಲ್ಲ ಎಂದರು. ನಾನು ಸಮಯ ನೋಡಿ ಮಾತು ತೆಗೆದೆ.

"ಹಾಗಾದ್ರೆ ಈ ಸಲ ನಾನು ಬರೆಸ್ತೇನೆ. ಆಗುದಿಲ್ವಾ?"

"ಆಗದೇ ಎಂತ? ತಾಯಿಯೇ ಅಲ್ವಾ ನೀನು," ಎಂದರು. ಅಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲನೆಯವನ ಸಲವೇ ಕೇಳುತ್ತಿದ್ದೆ.

ಅಂದಿನಿಂದ ನನಗೆ ಕಾಲು ನೆಲದ ಮೇಲಿರಲಿಲ್ಲ. ಅಕ್ಷರಾಭ್ಯಾಸಕ್ಕೆ ಮೊದಲು ಬರೆಸಬಾರದು ಎಂದಿದ್ದರೂ, ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವಾಗ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ ಕಿರಿಯವಳಿಗೆ 'ಅ' ತಿದ್ದಿಸತೊಡಗಿದೆ. ಬಿಸಿಲಿಗೆ ಕ್ಷಣದಲ್ಲಿ ಆರಿಹೋಗುತ್ತಿತ್ತು, ಅತ್ತಿಗೆಗೆ ಗೊತ್ತಾಗುವ ಭಯವಿರಲಿಲ್ಲ. ಹೊಸ ಲಂಗ ಹೊಲಿದೆ. ಒಳ್ಳೆಯ ಅಕ್ಕಿ ಆರಿಸಿಟ್ಟೆ.

ನವಮಿಯ ಬೆಳಿಗ್ಗೆ ನಾನು ಹೊರಗಾದೆ.

ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂರು ದಿನ ಒಳಗೆ ಬರುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಚಾವಡಿಯ ಬದಿಯ ಜಗಲಿಯಲ್ಲಿ ಚಾಪೆ, ತಟ್ಟೆ, ತಂಬಿಗೆ ಇಟ್ಟುಕೊಂಡು ಕೂತೆ. ನನ್ನ ದೇಹದ ಮೇಲೆಯೇ ನನಗೆ ಸಿಟ್ಟು ಬಂತು. ಇನ್ನೆರಡು ದಿನ ತಡೆದಿದ್ದರೆ ಅದರ ಗಂಟೇನು ಹೋಗುತ್ತಿತ್ತು! ಅತ್ತಿಗೆ ಅನ್ನ ಬಡಿಸಲು ಬಂದಾಗ ಅವರ ಮುಖದಲ್ಲಿ ಎಲ್ಲಾದರೂ ಸಂತೋಷ ಕಾಣಿಸುತ್ತದೋ ಎಂದು ಹುಡುಕಿದೆ. ಸಿಗಲಿಲ್ಲ. ಇದ್ದರೂ ತೋರಿಸುವವರಲ್ಲ ಎಂದು ತೀರ್ಮಾನಿಸಿದೆ.

ದಶಮಿಯ ದಿನ ಅತ್ತಿಗೆ ಮಗುವನ್ನು ಮೀಯಿಸಿ, ಹೊಸ ಲಂಗ ಹಾಕಿ, ದೀಪ ಹಚ್ಚಿ, ಚಾವಡಿಯಲ್ಲಿ ಮಣೆಯ ಮೇಲೆ ಕೂರಿಸಿದರು. ಮುಂದೆ ಹರಿವಾಣ, ಅಕ್ಕಿ. ದೊಡ್ಡವರಿಬ್ಬರೂ ಕೈ ಮುಗಿದು ನಿಂತರು. ಬೆರಳು ಹಿಡಿಯುವವರು ಯಾರು ಎಂಬ ಮಾತು ಆಗ ಬಂತು. ಪಕ್ಕದ ಮನೆಯ ಹಿರಿಯರನ್ನು ಕರೆಯಲು ಮಗನನ್ನು ಓಡಿಸಿದರು. ಅವರು ಬೆಳಿಗ್ಗೆಯೇ ಎಲ್ಲಿಗೋ ಪೂಜೆಗೆ ಹೋಗಿದ್ದರು.

ಅತ್ತಿಗೆ ಜಗಲಿಯ ಬಾಗಿಲಿಗೆ ಬಂದು ನಿಂತರು.

"ಎಂತ ಮಾಡುದು ಈಗ? ನೀನು ಹೊರಗೆ. ನಾನು ಹೀಗೆ. ಬಿಟ್ಟರೆ ಮತ್ತೆ ಮುಂದಿನ ವರ್ಷವೇ."

"ಅವಳೇ ಬರೀಲಿ. ನಾನು ಇಲ್ಲಿಂದ ಹೇಳ್ತೇನೆ," ಎಂದೆ.

"ಕೈ ಹಿಡಿಯದೆ ಅದಕ್ಕೆ ಬರ್ತದಾ ಮಾರಾಯ್ತಿ?"

"ಬರ್ತದೆ."

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಬಾವಿಕಟ್ಟೆಯ ಕಲ್ಲು ಅವರಿಗೆ ಮೊದಲೇ ಗೊತ್ತಿತ್ತೋ ಏನೋ. ಒಳಗೆ ಹೋಗಿ ಹರಿವಾಣದಿಂದ ದೂರಕ್ಕೆ ಗೋಡೆಗೊರಗಿ ನಿಂತರು. ಕೈಗಳೆರಡನ್ನೂ ಸೆರಗಿನೊಳಗೆ ಸೇರಿಸಿಕೊಂಡಿದ್ದರು. ನಾನು ಹೊಸ್ತಿಲ ಈಚೆ ಕುಕ್ಕರಗಾಲಲ್ಲಿ ಕೂತೆ. ನಡುವೆ ಮಣೆಯ ಮೇಲೆ ನನ್ನ ಮಗು, ಒಬ್ಬಳೇ.

"ಬರಿ ಮಗಾ. 'ಅ' ಬರಿ. ಅಮ್ಮ ಹೇಳಿಕೊಟ್ಟದ್ದು ಉಂಟಲ್ಲ, ಅದು," ಎಂದೆ.

ಅವಳು ಬೆರಳನ್ನು ಅಕ್ಕಿಯ ಮೇಲಿಟ್ಟಳು. ಇಟ್ಟವಳು ಹಾಗೇ ಕತ್ತೆತ್ತಿದಳು. ನನ್ನ ಕಡೆಗಲ್ಲ, ಗೋಡೆಯ ಕಡೆಗೆ. ಇನ್ನೂ ಒಂದು ದಿನವೂ ಪಾಠಕ್ಕೆ ಕೂರದ ಮಗು. ಅಣ್ಣ ಅಕ್ಕ ಹೇಗೆ ಪ್ರತಿ ಅಕ್ಷರಕ್ಕೂ ಮೊದಲು ಆ ಮುಖವನ್ನು ನೋಡುತ್ತಿದ್ದರೋ, ಹಾಗೆಯೇ ನೋಡಿದಳು.

ಆ ಮನೆಯಲ್ಲಿ ಮೊದಲು ಬರೆಸುತ್ತಿದ್ದುದು 'ಶ್ರೀ'. ಮಾವನವರ ಕಾಲದಿಂದಲೂ ಹಾಗೇ. ಅತ್ತಿಗೆ ಅದನ್ನೇ ಹೇಳುತ್ತಾರೆಂದು ಹಲ್ಲು ಕಚ್ಚಿ ಕಾದೆ.

"ಅಮ್ಮ ಹೇಳಿದ್ದನ್ನೇ ಬರಿ," ಎಂದರು ಅವರು.

ಮಗು ಬರೆಯಿತು. ಸೊಟ್ಟಗೆ, ದೊಡ್ಡದಾಗಿ, ಹರಿವಾಣದ ಅಂಚಿನವರೆಗೆ. ನಾನು ಕಲಿಸಿದ ಅಕ್ಷರ ಅದು, ಆದರೆ ಬೆರಳು ಓಡಿದ್ದು ಅವರು ಹೇಳಿದ ಮೇಲೆ. ಬೈದಿದ್ದರೆ, ಅಡ್ಡ ಬಂದಿದ್ದರೆ, ಜಗಳಕ್ಕೆ ಒಂದು ಜಾಗವಾದರೂ ಇರುತ್ತಿತ್ತು. ಬಿಟ್ಟುಕೊಟ್ಟವರ ಹತ್ತಿರ ಏನೆಂದು ಜಗಳವಾಡುವುದು? ಅವರ ಮೇಲೆ ನನಗೆ ಅಷ್ಟು ಹೊಟ್ಟೆ ಉರಿದ ದಿನ ಇನ್ನೊಂದಿಲ್ಲ.

ಆಗ ಮಗು ಎದ್ದಿತು. ಬೆರಳಿಗೆ ಅಂಟಿದ ಅಕ್ಕಿಕಾಳು ಸಮೇತ ಕೈ ಚಾಚಿಕೊಂಡು, "ಅಮ್ಮಾ, ಬರೆದೆ!" ಎನ್ನುತ್ತಾ ಓಡಿ ಬಂದದ್ದು ನನ್ನ ಕಡೆಗೆ. ಹೌದು, ನನ್ನ ಕಡೆಗೇ. ಇಷ್ಟು ವರ್ಷ ನಾನು ಕಾದಿದ್ದು ಅದಕ್ಕೇ.

ನಾನು ದಡಕ್ಕನೆ ಹಿಂದೆ ಸರಿದೆ. ಯೋಚಿಸಿ ಸರಿದದ್ದಲ್ಲ. ಮುಟ್ಟಾದವಳ ಕಾಲು ತಾನಾಗಿಯೇ ಸರಿಯುತ್ತದೆ.

"ಹೋಗ್ಲಿ, ಎತ್ತಿಕೊ," ಎಂದು ಅತ್ತಿಗೆ ಒಳಗಿನಿಂದ ಕೂಗಿದರು. "ನಾನು ಮತ್ತೆ ಮೀಯಿಸ್ತೇನೆ."

ಅಷ್ಟರಲ್ಲಿ ಮಗು ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿ, ಚಾಚಿದ ಕೈಗಳನ್ನು ಹಾಗೆಯೇ ಹಿಡಿದುಕೊಂಡು ಅವರ ಕಡೆ ತಿರುಗಿಯಾಗಿತ್ತು.